ಓದುಗರ ಪ್ರಶ್ನೆ: ಶಾಲೆಗೆ ಕ್ಯಾಮೆರಾ, ಗೇಟಿಗೆ ಕೋವಿ

ಪ್ರಶ್ನೆ: ನಮ್ಮ ಶಾಲೆಯ ಎರಡು ಕಟ್ಟಡಗಳಿಗೆ ಎಂಟು ಕ್ಯಾಮೆರಾ ಹಾಕಿಸಿದೆವು. ಮಳೆಗಾಲಕ್ಕೆ ಮೊದಲೇ ಮೂರು ಕೆಟ್ಟವು. ಒಂದು ತಕರಾರು ಬಂದಾಗ ಹುಡುಕಿದರೆ ಎರಡು ವಾರದ ಹಿಂದಿನ ದೃಶ್ಯವೇ ಇಲ್ಲ. ಏನು ಮಾಡೋಣ?
– ಆಡಳಿತ ಮಂಡಳಿ ಸದಸ್ಯರು, ಮೂಡಿಗೆರೆ

ಉತ್ತರ: ಡಿಸ್ಕಿನ ಲೆಕ್ಕ ಸುಲಭ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265ರಲ್ಲಿ (ವಿಡಿಯೊ ಕುಗ್ಗಿಸಿ ಉಳಿಸುವ ವಿಧಾನ) ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ, ಎಂಟಕ್ಕೆ 173 ಜಿಬಿ. ಬಹುಶಃ ನಿಮ್ಮಲ್ಲಿರುವುದು 2 ಟಿಬಿ ಡಿಸ್ಕ್. ಹನ್ನೊಂದು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. 30 ದಿನ ಉಳಿಯಲು 5.2 ಟಿಬಿ ಬೇಕು, ಅಂದರೆ 6 ಟಿಬಿಯ ಸರ್ವೇಲೆನ್ಸ್ ಡಿಸ್ಕ್ (ಸದಾ ರೆಕಾರ್ಡ್ ಮಾಡಲೆಂದೇ ಇರುವುದು). ಕೊಳ್ಳುವ ಮೊದಲು ಸೆಟ್ಟಿಂಗ್ ನೋಡಿ: ಹಳೆಯ ಎಚ್.264ರಲ್ಲಿದ್ದರೆ ಅದೇ ಗುಣಮಟ್ಟಕ್ಕೆ ಹೆಚ್ಚುಕಮ್ಮಿ ಇಮ್ಮಡಿ ಜಾಗ ತಿನ್ನುತ್ತದೆ. ರೆಕಾರ್ಡರಿನ ಗಡಿಯಾರವನ್ನೂ ತಿಂಗಳಿಗೊಮ್ಮೆ ಮೊಬೈಲಿನ ಜತೆ ತಾಳೆ ಹಾಕಿ. ಸಮಯ ತಪ್ಪಿದ ದೃಶ್ಯವನ್ನು ಪೊಲೀಸರಿಗೆ ಕೊಟ್ಟರೆ ತಲೆನೋವು ನಿಮ್ಮದೇ.

ಕೆಟ್ಟ ಮೂರೂ ದೂರದ ಕಟ್ಟಡದವೇ? ಹಾಗಿದ್ದರೆ ಅನುಮಾನ ಸಿಡಿಲಿನ ಮೇಲೆ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ, ಕಟ್ಟಡದಿಂದ ಕಟ್ಟಡಕ್ಕೆ ಗಾಳಿಯಲ್ಲಿ ಎಳೆದ ತಾಮ್ರದ ಕೇಬಲ್ಲಿನಲ್ಲೇ ವಿದ್ಯುತ್ ನುಗ್ಗಿ ಪೋರ್ಟ್ ಸುಡುತ್ತದೆ. ಆ ನಡುವಿನ ದಾರಿಗೆ ಲೋಹದ ಕವಚವಿಲ್ಲದ ಫೈಬರ್ (ಬೆಳಕಿನಲ್ಲಿ ಸಂಕೇತ ಸಾಗಿಸುವ ಗಾಜಿನ ಎಳೆ) ಹಾಕಿ, ಎರಡೂ ತುದಿಗೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಅದಲುಬದಲು ಮಾಡುವ ಮೀಡಿಯಾ ಕನ್ವರ್ಟರ್ ಕೂರಿಸಿ. ನುಗ್ಗುವ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಹಾಕುವುದಾದರೆ ಸರಿಯಾದ ಅರ್ಥಿಂಗ್ ಇರಲೇಬೇಕು. ಇಲ್ಲದಿದ್ದರೆ ಅದು ಬರೀ ಡಬ್ಬಿ.

ಹಗಲು ಚೆನ್ನಾಗಿದ್ದು ರಾತ್ರಿ ಆಫ್ ಆಗುವ ಕ್ಯಾಮೆರಾದ ಕಥೆ ಬೇರೆ. ಕತ್ತಲಾದಾಗ ಇನ್‌ಫ್ರಾರೆಡ್ ದೀಪ ಹತ್ತಿ ಹೆಚ್ಚು ಕರೆಂಟು ಎಳೆಯುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಆಗಿದ್ದರೆ ಆಗ ವೋಲ್ಟೇಜ್ ಕುಸಿಯುತ್ತದೆ. ಶುದ್ಧ ತಾಮ್ರದ್ದೇ ಕೇಳಿ. ಅದೂ 100 ಮೀಟರ್ ಮೀರಬಾರದು. ಆ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಜೇಡ. ಬಲೆ ಕಟ್ಟಿದರೆ ರಾತ್ರಿಯಿಡೀ ಬಿಳಿ ಪರದೆ. ಹದಿನೈದು ದಿನಕ್ಕೊಮ್ಮೆ ಒರೆಸಿ. ಕೇಬಲ್ಲು ಜೋಡಣೆ ಪೆಟ್ಟಿಗೆಯೊಳಗೆ ಕೆಳಗಿನಿಂದಲೇ ಹೋಗಲಿ, ಇಲ್ಲವಾದರೆ ಮಳೆನೀರೂ ಅದರ ಜತೆ ಇಳಿಯುತ್ತದೆ. ಯುಪಿಎಸ್ ರೆಕಾರ್ಡರಿಗೆ ಮಾತ್ರ ಸಾಲದು, ಎರಡೂ ಕಟ್ಟಡದ ನೆಟ್‌ವರ್ಕ್ ಸ್ವಿಚ್‌ಗಳಿಗೂ (ಕ್ಯಾಮೆರಾ ಕೇಬಲ್‌ಗಳು ಬಂದು ಸೇರುವ ಡಬ್ಬಿ) ಬೇಕು.

ಪ್ರಶ್ನೆ: ಗೇಟಿಗೆ ಬಂದೂಕುಧಾರಿ ಕಾವಲುಗಾರ ಬೇಕೆಂದು ಕೆಲವು ಪೋಷಕರ ಒತ್ತಾಯ. ಪರಿಚಯದ ತೋಟದವರೊಬ್ಬರ ಬಳಿ ಲೈಸೆನ್ಸ್ ಕೋವಿ ಇದೆ. ಅವರನ್ನೇ ನಿಲ್ಲಿಸಬಹುದೇ?
– ಪೋಷಕರು, ಸಕಲೇಶಪುರ

ಉತ್ತರ: ಬೇಡ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಬೆಳೆ ರಕ್ಷಣೆಗೇ. ಶಾಲೆ ಕಾಯಲು ಅಲ್ಲ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿಯೂ ಬರುತ್ತದೆ. ಏಜೆನ್ಸಿ ಮೂಲಕ ಹೋಗುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಅದಕ್ಕೆ ಪರವಾನಗಿ ಇದೆಯೇ ನೋಡಿ.

ಬಂದೂಕಿನಿಂದ ಧೈರ್ಯ ಬರಬಹುದು, ರಕ್ಷಣೆ ಬರುತ್ತದೆಂಬ ಖಾತರಿಯಿಲ್ಲ. ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರಲ್ಲಿ 17 ಜನ ಸತ್ತಾಗ ಶಸ್ತ್ರಧಾರಿ ಅಧಿಕಾರಿ ಹೊರಗೇ ಇದ್ದರು. 2022ರಲ್ಲಿ ಅಲ್ಲಿನದೇ ಉವಾಲ್ಡೆ ಊರಿನ ಶಾಲೆಯಲ್ಲಿ ಪೊಲೀಸರು ಹಂತಕನನ್ನು ಎದುರಿಸಲು 77 ನಿಮಿಷ ಹಿಡಿಯಿತು.

ನಮ್ಮ ಶಾಲೆಗಳಲ್ಲಿ ಸಡಿಲವಿರುವುದು ಸಂಜೆ ಬಿಡುವ ಹೊತ್ತು. ಒಂದೇ ಗೇಟು ತೆರೆಯಿರಿ, ಹಿಂಬಾಗಿಲು ಬೀಗದಲ್ಲಿರಲಿ, ಕೀಲಿ ಕಾವಲುಗಾರನ ಸೊಂಟದಲ್ಲಿ. ಚಿಕ್ಕ ಮಕ್ಕಳನ್ನು ಫೋಟೊ ಇರುವ ಕಾರ್ಡ್ ನೋಡಿಯೇ ಕಳಿಸಿ. 'ಅವರಪ್ಪ ಕಳಿಸಿದ್ರು, ಬೇಕಾದ್ರೆ ಈ ನಂಬರಿಗೆ ಫೋನ್ ಮಾಡಿ' ಎಂದರೆ ಆ ನಂಬರಿಗೆ ಮಾಡಬೇಡಿ. ಶಾಲೆಯ ದಾಖಲೆಯಲ್ಲಿರುವ ನಂಬರಿಗೆ ಮಾಡಿ. ಗೇಟಿನಲ್ಲಿ 112 (ತುರ್ತು ಕರೆ) ಮತ್ತು 1098 (ಮಕ್ಕಳ ಸಹಾಯವಾಣಿ) ದೊಡ್ಡದಾಗಿ ಬರೆಸಿ.

ಪ್ರಶ್ನೆ: ಮುಖ ಗುರುತಿಸುವ ಹಾಜರಾತಿ ಯಂತ್ರ ಒಳ್ಳೆಯದೇ?
– ಮುಖ್ಯ ಶಿಕ್ಷಕರು, ಆಲೂರು

ಉತ್ತರ: ಅಷ್ಟೇನೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕೆಂಬ ನಿಯಮವಿದೆ. ಒಪ್ಪದವರಿಗೆ ರಿಜಿಸ್ಟರ್ ಇಡಲೇಬೇಕು. ಜುಲೈನಲ್ಲಿ ರೇನ್‌ಕೋಟ್ ಟೋಪಿಯೊಳಗಿನ ಒದ್ದೆ ಮುಖಗಳನ್ನು ಯಂತ್ರ ಗುರುತಿಸುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತದೆ.