ನೀವು ಬಿದ್ದಿದ್ದು ಎಲ್ಲಿ?

ಕಾರವಾರ

ಪ್ರಿಯರೇ,

ನಿಮ್ಮ ‘ಬನ್ನಿ, ಮನೆಯಲ್ಲೇ ಹ್ಯಾಮಕ್ ಹೊಲಿಯೋಣ’ ಲೇಖನ ತಲುಪಿತು. ಹನ್ನೊಂದು ಪುಟಗಳನ್ನೂ ಓದಿದೆ. ಈಗಿರುವಂತೆ ಪತ್ರಿಕೆಯಲ್ಲಿ ಹಾಕಲಾರೆ. ಸುಮ್ಮನೆ ವಾಪಸು ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ಶಿರಸಿ ಕಡೆಯ ನಿಮ್ಮ ಮನೆಯಲ್ಲಿ ಅಮ್ಮನ ಹೊಲಿಗೆ ಮಷಿನ್ನಿನ ಮುಂದೆ ಕೂತು ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ಕಟ್ಟುವ ತೂಗುಹಾಸಿಗೆ, ಹೊಲಿದಿರಿ, ಕಟ್ಟಿದಿರಿ, ಡಿಸೆಂಬರಿನ ಒಂದು ರಾತ್ರಿ ಅದರಲ್ಲಿ ಮಲಗಿದಿರಿ. ಲೇಖನದ ಸಾರ ಇಷ್ಟೇ, ಇಷ್ಟೇ ಸಾಕು ಕೂಡ. ಆದರೆ ಇದು ಶುರುವಾಗುವ ಹೊತ್ತಿಗೆ ಮೂರು ಪುಟ ಮುಗಿದಿರುತ್ತದೆ. ಆ ಮೂರೂ ಪುಟ ಕೊಲಂಬಸ್‌ನದು. 1492ರಲ್ಲಿ ಅವನು ಕೆರಿಬಿಯನ್ ದ್ವೀಪಗಳ ಜನ ನೇತುಹಾಕಿದ ಬಲೆಯಂಥ ಹಾಸಿಗೆಯಲ್ಲಿ ಮಲಗುವುದನ್ನು ಕಂಡಿದ್ದು ನಿಜ, ಹೆಸರೂ ಅಲ್ಲಿಂದಲೇ ಬಂದದ್ದು. ಅದಕ್ಕೆ ಒಂದು ವಾಕ್ಯ ಸಾಕು. ಮೂರನೇ ಪುಟದ ತಳದಲ್ಲಿ, ಜಾಗ ಉಳಿಯಿತೆಂದು ಬರೆದಂತೆ, ಅಕ್ಕನ ಮಗುವನ್ನು ಜಂತಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ತೂಗುತ್ತಿದ್ದಾಗ ‘ಇದನ್ನೇ ದೊಡ್ಡವರಿಗೂ ಮಾಡಬಹುದಲ್ಲ’ ಅನ್ನಿಸಿತು ಎಂದಿದ್ದೀರಿ. ಲೇಖನ ಹೊರಡಬೇಕಾದದ್ದು ಅಲ್ಲಿಂದ.

ಹಾಗೆ ಹೊರಟರೆ ಓದುಗ ಕೇಳುವ ಮೊದಲ ಪ್ರಶ್ನೆ: ಸೀರೆಯನ್ನೇ ಕಟ್ಟಿಕೊಂಡರೆ ಏನಾಯಿತು, ಹೊಲಿಯುವ ರಗಳೆ ಯಾಕೆ? ಉದ್ದ ಐದೂವರೆ ಮೀಟರ್ ಇದೆ, ಬೇಕಾದ್ದಕ್ಕಿಂತ ಹೆಚ್ಚೇ. ಸಾಲದ್ದು ಅಗಲ. ನಲವತ್ತೈದಿಂಚಿನ ಸೀರೆಯಲ್ಲಿ ದೊಡ್ಡವರು ನೇರಕ್ಕೆ ಮಾತ್ರ ಮಲಗಬಹುದು, ಬೆನ್ನು ಬಾಳೆಹಣ್ಣಿನಂತೆ ಬಾಗುತ್ತದೆ. ಐದಡಿ ಅಗಲವಿದ್ದರೆ ಓರೆಯಾಗಿ, ತಲೆ ಒಂದು ಬದಿಗೆ ಕಾಲು ಇನ್ನೊಂದು ಬದಿಗೆ ಇಟ್ಟು ಮಲಗಬಹುದು. ಆಗ ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಜೋಲಿಗೂ ಹ್ಯಾಮಕ್ಕಿಗೂ ಇರುವ ವ್ಯತ್ಯಾಸವೇ ಇದು. ನೀವು 5ನೇ ಪುಟದಲ್ಲಿ ‘11 ಅಡಿ ಉದ್ದ, 5 ಅಡಿ ಅಗಲ ಕತ್ತರಿಸಿಕೊಳ್ಳಿ’ ಎಂದು ಅಪ್ಪಣೆ ಕೊಟ್ಟು ಮುಂದೆ ಹೋಗಿಬಿಟ್ಟಿದ್ದೀರಿ. ಐದೂವರೆ ಅಡಿ ಮನುಷ್ಯನಿಗೆ ಅದರ ಎರಡರಷ್ಟು ಬಟ್ಟೆ ಯಾಕೆಂದು ಹೇಳದಿದ್ದರೆ, ಕಾಸು ಉಳಿಸಲು ಏಳಡಿಯಲ್ಲೇ ಮುಗಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

‘ಸೂಕ್ತ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಸೂಕ್ತ ಬಟ್ಟೆ, ಸೂಕ್ತ ದಾರ, ಸೂಕ್ತ ಮರ, ಒಂದು ಕಡೆ ಸೂಕ್ತ ಮನಃಸ್ಥಿತಿ. ನಮ್ಮ ಕಚೇರಿಯ ಕೆಳಗೆ ಒಬ್ಬ ಟೈಲರ್ ಇದ್ದಾರೆ. 6 ಮತ್ತು 7ನೇ ಪುಟಗಳನ್ನು ಅವರಿಗೆ ಓದಿಹೇಳಿದೆ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಪೂರ್ತಿ ಕೇಳಿಸಿಕೊಂಡರು. “ಎಲ್ಲ ಸರಿ ಸಾರ್, ಆದ್ರೆ ಏನು ಹೊಲಿಯೋದು ಅಂತ್ಲೇ ಗೊತ್ತಾಗ್ಲಿಲ್ಲ. ಬಟ್ಟೆ ಕಾಟನ್ನೋ ನೈಲಾನೋ? ಸೂಜಿ ಎಷ್ಟನೇ ನಂಬರು? ಅಂಚು ಒಂದು ಮಡಿಕೆಯೋ ಎರಡೋ?” ಅಂದರು. ಅವರು ಕೇಳಿದ್ದಕ್ಕೆಲ್ಲ ನಿಮ್ಮಲ್ಲಿ ಉತ್ತರ ಇದೆ. ಫೋಟೋದಲ್ಲಿ ನನಗೇ ಕಾಣುತ್ತಿದೆ. ಬಟ್ಟೆ ಚೌಕುಳಿ ನೇಯ್ಗೆಯ ರಿಪ್‌ಸ್ಟಾಪ್ ನೈಲಾನ್. ಒಂದು ಕಡೆ ಹರಿದರೂ ಹರಕು ಮುಂದೋಡದಂತೆ ನಡುನಡುವೆ ದಪ್ಪ ಎಳೆ ಕೂಡಿಸಿ ನೇಯ್ದದ್ದು. ಅಂಚಿನಲ್ಲಿ ಎರಡು ಮಡಿಕೆ, ತುದಿಗಳಲ್ಲಿ ಹಗ್ಗ ತೂರಿಸುವ ಕೊಳವೆಗೆ ಒತ್ತೊತ್ತಾಗಿ ಮೂರು ಸಾಲು ಹೊಲಿಗೆ. ಇಷ್ಟು ನೀಟಾಗಿ ಹೊಲಿದವರು ಬರೆಯುವಾಗ ಮಾತ್ರ ‘ಅಂಚುಗಳನ್ನು ಸೂಕ್ತ ರೀತಿಯಲ್ಲಿ ಹೊಲಿಯಿರಿ’ ಎಂದರೆ ಏನು ಹೇಳಲಿ? ತೆಳು ನೈಲಾನಿಗೆ 11 ಅಥವಾ 12ನೇ ನಂಬರಿನ ಸೂಜಿ, ದಪ್ಪ ಸೂಜಿ ಹಾಕಿದರೆ ಸಾಲಾಗಿ ತೂತು ಬಿದ್ದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ದಾರ ಪಾಲಿಯೆಸ್ಟರ್, ಹತ್ತಿಯದು ನಮ್ಮ ಮಳೆಗೆ ಕೊಳೆಯುತ್ತದೆ. ಬಟ್ಟೆ ಜಾರುವುದರಿಂದ ಅಂಚು ಹಿಡಿಯಲು ಗುಂಡುಸೂಜಿ ಬೇಡ, ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಹೀಗೆ ಬರೆಯಿರಿ. ಟೈಲರ್‌ಗೆ ಅರ್ಥವಾದರೆ ನನಗೂ ಆಗುತ್ತದೆ.

ಈಗ 8ನೇ ಪುಟ. ಇಲ್ಲಿ ನನಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು.

‘ಅಕ್ಕಪಕ್ಕದ ಎರಡು ಅಡಿಕೆ ಮರಗಳಿಗೆ ಹ್ಯಾಮಕ್ಕನ್ನು ಬಿಗಿಯಾಗಿ ಎಳೆದು ಕಟ್ಟಿ ಹಾಯಾಗಿ ಮಲಗಿದೆ’ ಎಂದಿದ್ದೀರಿ. ಅಡಿಕೆ ತೋಟದಲ್ಲಿ ಸಾಮಾನ್ಯವಾಗಿ ಮರದಿಂದ ಮರಕ್ಕೆ 9 ಅಡಿ. ನಿಮ್ಮ ಬಟ್ಟೆ 11 ಅಡಿ. ಒಂಬತ್ತು ಅಡಿಯಲ್ಲಿ ಹನ್ನೊಂದು ಅಡಿಯನ್ನು ‘ಬಿಗಿಯಾಗಿ ಎಳೆಯುವುದು’ ಹೇಗೆ? ಮೂಲೆಯಿಂದ ಮೂಲೆಗೆ ಕಟ್ಟಿದ್ದರೆ ಹನ್ನೆರಡು ಅಡಿ ಚಿಲ್ಲರೆ ಸಿಗುತ್ತದೆ, ಆದರೆ ‘ಅಕ್ಕಪಕ್ಕದ’ ಎಂದು ಬರೆದವರು ನೀವೇ. ಅಲ್ಲದೆ ಫಸಲು ಕೊಡುವ ಮರವನ್ನು ಹೀಗೆ ಅಡ್ಡಡ್ಡ ಜಗ್ಗಲು ನಿಮ್ಮ ಅಪ್ಪಯ್ಯ ಬಿಟ್ಟರೇ? ನೀವು ತೋಟದಲ್ಲಿ ಮಲಗಿಲ್ಲ. ಚೆಂದ ಕಾಣಲೆಂದು ಅಡಿಕೆ ಮರ ತಂದಿದ್ದೀರಿ. ಫೋಟೋದ ಮೂಲೆಯಲ್ಲಿ ಒಂದು ಹಲಸಿನ ಬೊಡ್ಡೆ ಇದೆ, ಕೆಳಗೆ ದರಕು, ಒಣಗಿ ಉದುರಿದ ಎಲೆ, ಹಾಸಿಬಿದ್ದಿದೆ. ತೋಟಕ್ಕೆ ಸೊಪ್ಪು ತರುವ ಕಾಡು, ನಿಮ್ಮ ಸೊಪ್ಪಿನ ಬೆಟ್ಟ ಇರಬೇಕು. ಅದನ್ನೇ ಬರೆಯಬಹುದಿತ್ತು.

‘ಬಿಗಿಯಾಗಿ ಎಳೆದು’ ಎಂಬುದಂತೂ ಸುಳ್ಳು ಮಾತ್ರವಲ್ಲ, ಅಪಾಯ. ಹಗ್ಗ ನೆಲಕ್ಕೆ 30 ಡಿಗ್ರಿ ಓರೆಯಾಗಿದ್ದರೆ 60 ಕಿಲೋ ಮನುಷ್ಯ ಮಲಗಿದಾಗ ಒಂದೊಂದು ಬದಿಯ ಹಗ್ಗದ ಮೇಲೂ 60 ಕಿಲೋ ಎಳೆತ. ಅದೇ ಹಗ್ಗವನ್ನು ಜಗ್ಗಿ 10 ಡಿಗ್ರಿಗೆ ತಂದರೆ ಎಳೆತ 170 ಕಿಲೋ ದಾಟುತ್ತದೆ, 5 ಡಿಗ್ರಿಗೆ ತಂದರೆ ಸುಮಾರು 340. ಮನುಷ್ಯ ಅವನೇ, ಭಾರ ಅಷ್ಟೇ. ಹೊಲಿಗೆಗೂ ಗಂಟಿಗೂ ಮರಕ್ಕೂ ಬೀಳುವ ಪೆಟ್ಟು ಐದಾರು ಪಟ್ಟು. ಸಡಿಲ ಬಿಟ್ಟರೇ ಭದ್ರ ಎಂಬುದು ಹೊಸಬರಿಗೆ ತಲೆಗೆ ಹೋಗದ ವಿಷಯ, ಆದ್ದರಿಂದ ಇದಕ್ಕೆ ಅರ್ಧ ಪುಟವಾದರೂ ಕೊಡಿ. ಕೋನಮಾಪಕ ತರಬೇಡಿ, ನಾಲ್ಕಡಿ ಹಗ್ಗವಿದ್ದರೆ ಮರದ ಬಳಿಯ ತುದಿ ಬಟ್ಟೆಯ ಬಳಿಯ ತುದಿಗಿಂತ ಎರಡಡಿ ಮೇಲಿರಲಿ ಎಂದರೆ ಯಾರಿಗೂ ತಿಳಿಯುತ್ತದೆ. ಬಟ್ಟೆಯ ಎರಡು ತುದಿಗಳ ನಡುವೆ ಮೇಲೊಂದು ಅಳತೆಯ ಹಗ್ಗ ಕಟ್ಟುವ ಉಪಾಯವನ್ನೂ ಸೇರಿಸಿ. 11 ಅಡಿಯ ಬಟ್ಟೆಗೆ ಅದು 9 ಅಡಿ 2 ಇಂಚು ಇದ್ದರೆ, ಮರಗಳು ಹನ್ನೆರಡು ಅಡಿ ದೂರ ಇರಲಿ ಹದಿನೈದು ಅಡಿ ಇರಲಿ, ಬಟ್ಟೆಯ ಬಾಗು ಒಂದೇ ಥರ ಇರುತ್ತದೆ.

ಮರಕ್ಕೆ ಮೊಳೆ ಹೊಡೆಯುವ ‘ಪರ್ಯಾಯ ವಿಧಾನ’ವನ್ನು ನಾನೇ ಹೊಡೆದುಹಾಕಿದ್ದೇನೆ. 1983ರ ಅಪ್ಪಿಕೋ ಚಳವಳಿಯಲ್ಲಿ, ಕಾಡು ಕಡಿಯುವುದನ್ನು ತಡೆಯಲು ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತ ತಾಲೂಕಿನವರು ನೀವು. ಒಂದಿಂಚಿಗಿಂತ ಕಡಿಮೆ ಅಗಲವಿಲ್ಲದ, ಭಾರ ತಡೆಯುವ ಪಾಲಿಯೆಸ್ಟರ್ ಪಟ್ಟಿ ಸುತ್ತಿದರೆ ತೊಗಟೆಗೂ ಗಾಯವಿಲ್ಲ. ನೈಲಾನ್ ಹಗ್ಗ ಬೇಡ. ನೆನೆದರೆ ಜಗ್ಗುತ್ತದೆ ಎಂದು ಇಲ್ಲಿನ ಯಾವ ಮೀನುಗಾರನನ್ನು ಕೇಳಿದರೂ ಹೇಳಿಯಾನು.

ಇನ್ನು 9ನೇ ಪುಟದ ಒಂದು ಸಾಲು: ‘ಮೊದಲ ಪ್ರಯತ್ನದಲ್ಲಿ ಕೊಂಚ ತೊಂದರೆಯಾದರೂ ನಂತರ ಎಲ್ಲವೂ ಸುಗಮವಾಯಿತು.’ ಏನು ತೊಂದರೆ? ಬಿದ್ದಿರಿ ತಾನೇ? ಎಷ್ಟು ಎತ್ತರದಿಂದ? ಬಿಚ್ಚಿದ್ದು ಹೊಲಿಗೆಯೋ ಗಂಟೋ? ಬಿದ್ದ ಸದ್ದಿಗೆ ಮನೆಯಿಂದ ಯಾರು ಓಡಿಬಂದರು, ಏನೆಂದರು? ಹನ್ನೊಂದು ಪುಟದಲ್ಲಿ ನಿಜವಾಗಿ ನಡೆದ ಸಂಗತಿ ಇದೊಂದೇ, ಅದನ್ನು ಅರ್ಧ ವಾಕ್ಯದಲ್ಲಿ ಹೂತಿದ್ದೀರಿ. ನಾಚಿಕೆಯಾಗಿರಬಹುದು. ಆದರೆ ನಿಮ್ಮ ಲೇಖನ ನೋಡಿಕೊಂಡು ಹೊಲಿಯುವವರು ಅದರ ಮೇಲೆ ಮೈ ಚೆಲ್ಲಿ ಮಲಗುವವರು. ನೀವು ಯಾಕೆ ಬಿದ್ದಿರಿ ಎಂದು ತಿಳಿದರೆ ಅವರ ಸೊಂಟ ಉಳಿಯುತ್ತದೆ. ಕುರ್ಚಿಯ ಎತ್ತರಕ್ಕಿಂತ ಮೇಲೆ ಕಟ್ಟಬೇಡಿ, ಮೊದಲು ಕೂತು ನೋಡಿ, ಆಮೇಲೆ ಮಲಗಿ ಎಂಬ ಮಾತು ಈ ಕಥೆಯ ಜೊತೆಗೆ ಬಂದರೆ ಉಪದೇಶ ಅನ್ನಿಸುವುದಿಲ್ಲ.

ಮೆಚ್ಚಿದ್ದನ್ನೂ ಹೇಳಬೇಕಲ್ಲ. ‘ಬೆಳಗಿನ ಜಾವಕ್ಕೆ ಬೆನ್ನು ನನ್ನದಲ್ಲ ಅನ್ನಿಸಿತು, ಹೊದ್ದದ್ದು ಮೇಲೆ, ಚಳಿ ಬಂದದ್ದು ಕೆಳಗಿಂದ.’ ಈ ವಾಕ್ಯಕ್ಕೆ ಪೆನ್ನು ತಾಗಿಸಿಲ್ಲ. ಕಾರಣ ಮಾತ್ರ ಸೇರಿಸಿ: ಮೈಯಡಿ ಸಿಕ್ಕಿದ ಹೊದಿಕೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೋಗುತ್ತದೆ, ಬೆಚ್ಚಗೆ ಇಡುವುದು ಆ ಗಾಳಿಯೇ. ಕಂಬಳಿಯನ್ನು ಬಟ್ಟೆಯ ಹೊರಗೆ, ಕೆಳಗಡೆ ಸಡಿಲವಾಗಿ ತೂಗುಬಿಟ್ಟರೆ ಬೆನ್ನು ಉಳಿಯುತ್ತದೆ.

ಒಂದು ವಿಷಯ ನೀವು ಬಿಟ್ಟೇಬಿಟ್ಟಿದ್ದೀರಿ, ಶಿರಸಿಯವರಾಗಿ ಬಿಡಬಾರದಿತ್ತು. ಡಿಸೆಂಬರಿನಿಂದ ಮೇವರೆಗೆ ನಿಮ್ಮ ಕಡೆ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯ ಇರುವ ಕಾಲ. ಹ್ಯಾಮಕ್ ನೆಲಕ್ಕೆ ತಾಗುವುದಿಲ್ಲ ನಿಜ, ಅಲ್ಲಿಗೆ ಹೋಗುವ ಕಾಲು ದರಕಿನ ಮೇಲೆಯೇ ನಡೆಯಬೇಕು, ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತುವುದು ಅಲ್ಲೇ. ಮಂಗ ಸತ್ತುಬಿದ್ದ ಜಾಗದ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಬಂದ ಮೇಲೆ ಮೈಕೈ ನೋಡಿಕೊಂಡು ಬಿಸಿನೀರಲ್ಲಿ ಮೀಯಿರಿ. ಎರಡು ಸಾಲು ಸಾಕು, ಆದರೆ ಇರಲೇಬೇಕು. ಮಳೆಗಾಲದ ಉಂಬಳದ (ಜಿಗಣೆಯ) ಬಗ್ಗೆ ಬರೆದದ್ದನ್ನು ತೆಗೆದುಬಿಡಿ, ಆ ಮಳೆಯಲ್ಲಿ ಯಾರೂ ಹೊರಗೆ ಮಲಗುವುದಿಲ್ಲ.

ಐದು ಪುಟ ಮೀರದಂತೆ ಮತ್ತೆ ಬರೆದು ಕಳಿಸಿ. ಗಂಟಿನ ಚಿತ್ರವನ್ನೂ ಇನ್ನೊಮ್ಮೆ ಬರೆಯಿರಿ. ಈಗಿನದರಲ್ಲಿ ಹಗ್ಗದ ತುದಿ ಮೇಲಿಂದ ಬರುತ್ತದೋ ಕೆಳಗಿಂದಲೋ ತಿಳಿಯಲಿಲ್ಲ. ಟೈಲರ್ ಕೇಳಿ ಕಳಿಸಿದ್ದಾರೆ: ರಿಪ್‌ಸ್ಟಾಪ್ ಬಟ್ಟೆ ಮೀಟರಿಗೆ ಎಷ್ಟು ಕೊಟ್ಟಿರಿ, ಎಲ್ಲಿ ಸಿಕ್ಕಿತು?

ನಿಮ್ಮ,
ಸಂಪಾದಕ