ಓದುಗರ ಪ್ರಶ್ನೆ: ಮಾವಿನ ಗಿಡದ ಮೀಸೆ ದುಂಬಿ ಯಾವುದು?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಆಪೂಸ್ ತೋಟದಾಗ ದೊಡ್ಡ ಮೀಸೆಯ ಎರಡು ಹುಳ ಸಿಕ್ಕಾವು. ಒಂದರ ರೆಕ್ಕಿ ಮ್ಯಾಲೆ ಕಿತ್ತಳೆ ಚುಕ್ಕಿ, ಇನ್ನೊಂದಕ್ಕ ಬಿಳಿ ಚುಕ್ಕಿ. ಎರಡೂ ಒಂದೇ ಕಾಂಡಕೊರಕವೋ, ಬ್ಯಾರೆ ಬ್ಯಾರೆಯೋ? – ಹಾನಗಲ್ಲಿನ ಬೆಳೆಗಾರರು

ಉತ್ತರ: ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಆದರೆ ಚುಕ್ಕೆಯ ಬಣ್ಣ ಒಂದನ್ನೇ ಹಿಡಿದು ತೀರ್ಮಾನಿಸಬೇಡಿ. ಮಾವನ್ನು ಕೊರೆಯುವ ದೊಡ್ಡ ದುಂಬಿಗಳಲ್ಲಿ ಒಂದಕ್ಕೊಂದು ಅದಲುಬದಲಾಗುವ ಜೋಡಿ ಬ್ಯಾಟೊಸೆರಾ ರೂಫೋಮ್ಯಾಕುಲಾಟಾ ಮತ್ತು ಬ್ಯಾಟೊಸೆರಾ ರೂಬಸ್. ತಲೆಯ ಹಿಂದಿನ ಎದೆಕವಚದ ಮೇಲೆ ಮೂತ್ರಪಿಂಡದ ಆಕಾರದ ಎರಡು ಕೆಂಪು-ಕಿತ್ತಳೆ ಗುರುತು, ರೆಕ್ಕೆಗಳು ಕೂಡುವಲ್ಲಿ ಪುಟ್ಟ ಬಿಳಿ ತ್ರಿಕೋನ, ಕಣ್ಣಿನಿಂದ ಹೊಟ್ಟೆಯ ತುದಿಯವರೆಗೆ ಪಕ್ಕದಲ್ಲಿ ಅಗಲವಾದ ಬಿಳಿ ಪಟ್ಟಿ: ಈ ಮೂರೂ ಎರಡಕ್ಕೂ ಇವೆ. ಹೆಚ್ಚಿನವರು ಇಷ್ಟು ನೋಡಿಯೇ ಹೆಸರು ಬರೆದುಬಿಡುತ್ತಾರೆ. ತಪ್ಪುವುದು ಅಲ್ಲೇ.

ನೋಡಬೇಕಾದದ್ದು ಗಟ್ಟಿ ಮುಂರೆಕ್ಕೆಯ ಬುಡ. ಅಲ್ಲಿ ಕಪ್ಪಗೆ ಹೊಳೆಯುವ ಸಣ್ಣ ಸಣ್ಣ ಗುಬುಟುಗಳಿವೆ. ಉಗುರಾಡಿಸಿದರೆ ಗರಗಸದ ಹಾಗೆ ತಾಗುತ್ತವೆ. ಭುಜದಿಂದ ತುದಿಯವರೆಗೆ ರೆಕ್ಕೆಯ ಉದ್ದ ಅಳೆಯಿರಿ. 36 ಮಿ.ಮೀ. ಬಂತು ಅನ್ನಿ, ಕಾಲು ಭಾಗವೆಂದರೆ 9 ಮಿ.ಮೀ. ಗುಬುಟುಗಳು ಆ ಗೆರೆಯವರೆಗೆ ಅಥವಾ ಅದನ್ನೂ ದಾಟಿ ಹರಡಿದ್ದರೆ ರೂಫೋಮ್ಯಾಕುಲಾಟಾ. ಭುಜದ ಹತ್ತಿರವೇ ನಿಂತುಬಿಟ್ಟಿದ್ದರೆ ರೂಬಸ್. ಚುಕ್ಕೆಗಳು ಎರಡನೆಯ ಸಾಕ್ಷಿ. ರೂಬಸ್‌ಗೆ ಒಂದೊಂದು ರೆಕ್ಕೆಯ ಮೇಲೂ ಸಾಮಾನ್ಯವಾಗಿ ನಾಲ್ಕು ಬಿಳಿ ಚುಕ್ಕೆ, ಮೇಲಿನಿಂದ ಎರಡನೆಯದು ದೊಡ್ಡದು. ಪಕ್ಕದಲ್ಲಿ ಒಂದೋ ಎರಡೋ ಚಿಕ್ಕವೂ ಇರುತ್ತವೆ. ರೂಫೋಮ್ಯಾಕುಲಾಟಾದವು ಹಳದಿ-ಕಿತ್ತಳೆ, ಸಂಖ್ಯೆ, ಆಕಾರ ಎರಡೂ ಹುಳದಿಂದ ಹುಳಕ್ಕೆ ಬದಲಾಗುತ್ತವೆ. ಸತ್ತು ಒಣಗಿದ ಹುಳದಲ್ಲಿ ಈ ಬಣ್ಣ ಬಿಳಿಚಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿಟ್ಟ ಹಳೆಯ ರೂಫೋಮ್ಯಾಕುಲಾಟಾ ‘ರೂಬಸ್’ ಆಗಿ ಕಾಣುವುದು ಹೀಗೆ. ಬಣ್ಣವನ್ನು ಹುಳ ಜೀವಂತ ಇರುವಾಗಲೇ ಬರೆದಿಡಿ.

ಯಾವ ಗಿಡದಲ್ಲಿ ಸಿಕ್ಕಿತು ಎಂಬುದು ಇಲ್ಲಿ ನೆರವಿಗೆ ಬರುವುದಿಲ್ಲ. ಮಾವು, ಅಂಜೂರ, ಹಲಸು ಎರಡಕ್ಕೂ ಆಗುತ್ತವೆ. ಗಾತ್ರವೂ ಅಷ್ಟೇ. ಮರಿಹುಳಕ್ಕೆ ಸಿಕ್ಕ ತಿನಿಸನ್ನು ಅವಲಂಬಿಸಿ ಒಂದೇ ಪ್ರಭೇದದ ದುಂಬಿ 3 ಸೆಂ.ಮೀ.ಯೂ ಇರುತ್ತದೆ, 5 ಸೆಂ.ಮೀ.ಯೂ ಇರುತ್ತದೆ.

ತೋಟಗಾರನ ಮಟ್ಟಿಗೆ ಹೆಸರು ಯಾವುದಾದರೂ ಉಪಚಾರ ಒಂದೇ. ಹಿಟ್ಟು ಉದುರುವ ತೂತು ಹುಡುಕಿ, ಸಡಿಲ ತೊಗಟೆ ಕೆರೆದು, ಕೊಕ್ಕೆ ಮಾಡಿದ ತಂತಿ ತೂರಿಸಿ ಹುಳ ಎಳೆಯಿರಿ ಅಥವಾ ಚುಚ್ಚಿ ಕೊಲ್ಲಿ. ಆಮೇಲೆ ತೂತಿಗೆ ಹಸಿಮಣ್ಣು ಮೆತ್ತಿ. ಮತ್ತೆ ಹೊಸ ಹಿಟ್ಟು ಉದುರಿದರೆ ಹುಳ ಉಳಿದಿದೆ ಎಂದೇ ಲೆಕ್ಕ. ಹಳೆಯ ಕೈಪಿಡಿಗಳಲ್ಲಿ ತೂತಿಗೆ ಹಾಕಲು ಹೇಳುತ್ತಿದ್ದ ಡೈಕ್ಲೋರ್‌ವಾಸ್ 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಮೂಲೆಯಲ್ಲಿ ಬಾಟಲಿ ಉಳಿದಿದ್ದರೂ ಮುಟ್ಟಬೇಡಿ.

ಪ್ರಶ್ನೆ: ಒಂದೇ ಬಣ್ಣ, ಒಂದೇ ಚುಕ್ಕೆ, ಆದರೆ ಒಂದರ ಮೀಸೆ ಬಹಳ ಉದ್ದ, ಇನ್ನೊಂದರದು ಗಿಡ್ಡ. ಎರಡು ಪ್ರಭೇದವೇ? ಬೀದಿದೀಪದ ಕೆಳಗೆ ಸಿಕ್ಕ ದೊಡ್ಡ ಕಂದು ದುಂಬಿಯೂ ಇದೇ ಕುಲದ್ದೇ? – ಧಾರವಾಡದ ವಿದ್ಯಾರ್ಥಿನಿ

ಉತ್ತರ: ಮೊದಲನೆಯದು ಗಂಡು-ಹೆಣ್ಣು. ಬ್ಯಾಟೊಸೆರಾ ಗಂಡಿನ ಮೀಸೆ ಮೈಗಿಂತ ಎದ್ದು ಕಾಣುವಷ್ಟು ಉದ್ದ, ಅದರ ಒಳಮೈಯಲ್ಲಿ ಸಣ್ಣ ಮುಳ್ಳು, ಮುಂಗಾಲೂ ಉದ್ದ. ಹೆಣ್ಣಿನ ಮೀಸೆ ಮೈಯನ್ನು ತುಸುವೇ ದಾಟುತ್ತದೆ. ಇನ್ನು ಕಂದು ದುಂಬಿಯ ಎದೆಕವಚದ ಅಂಚು ನೋಡಿ. ಅಂಚು ಚಪ್ಪಟೆಯಾಗಿ ಹಲ್ಲುಹಲ್ಲಾಗಿದ್ದು, ದವಡೆ ಮುಂದಕ್ಕೆ ಚಾಚಿದ್ದರೆ ಅದು ಪ್ರಯೊನಿನೇ ಉಪಕುಟುಂಬ. ಬ್ಯಾಟೊಸೆರಾದ್ದು ಲ್ಯಾಮಿನೇ, ಪಕ್ಕದಿಂದ ನೋಡಿದರೆ ಮುಖ ಗೋಡೆಯಂತೆ ನೇರ ಕೆಳಗಿಳಿದಿರುತ್ತದೆ.

ಪ್ರಶ್ನೆ: ದ್ರಾಕ್ಷಿ ಬಳ್ಳಿಯ ಟೊಂಗೆ ಒಣಗುತ್ತಿದೆ. ಬದುವಿನ ಜಾಲಿಗಿಡದಿಂದ ಬಂದ ಕೊರಕವೇ? – ಗದಗ ತಾಲ್ಲೂಕು

ಉತ್ತರ: ಗಾಯ ಎಲ್ಲಿದೆ ಎಂಬುದೇ ಅರ್ಧ ಉತ್ತರ. ಚಾಕುವಿನಿಂದ ಸುತ್ತ ಕೊಯ್ದಂತೆ ಉಂಗುರ ಬಿದ್ದು, ಅದರ ಮೇಲಿನ ಭಾಗವಷ್ಟೇ ಒಣಗಿದ್ದರೆ ಅದು ಸ್ಥೀನಿಯಾಸ್ ಗ್ರಿಸೇಟರ್. ಗಟ್ಟಿಮುಟ್ಟಾದ ಚಿಕ್ಕ ದುಂಬಿ, ತೊಗಟೆಯ ಬೂದುಬಣ್ಣ, ಒಂದೊಂದು ರೆಕ್ಕೆಯ ಮೇಲೂ ಕಣ್ಣಿನಂಥ ಮಚ್ಚೆ. ರಾತ್ರಿ ಓಡಾಡುವುದರಿಂದ ಹಗಲು ಹುಡುಕಿದರೆ ಕಾಣದು. ಬಳ್ಳಿಯ ಬುಡದಲ್ಲಿ ಮರದ ಹೊಟ್ಟು ಗುಡ್ಡೆ ಬಿದ್ದಿದ್ದರೆ ಸೆಲೊಸ್ಟರ್ನಾ ಸ್ಕಾಬ್ರೇಟರ್. ಮಾಸಲು ಹಳದಿ-ಬೂದು ಮೈ, ರೆಕ್ಕೆ ತುಂಬ ಕಪ್ಪು ಚುಕ್ಕೆ. ಜಾಲಿಯನ್ನೂ ಕೊರೆಯುವುದು ಇದೇ, ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರವಿದೆ. ಉಂಗುರ ಬಿದ್ದಿದ್ದರೆ ಅದರ ಕೆಳಗೆ ಕತ್ತರಿಸಿ, ಟೊಂಗೆಯನ್ನು ಸುಡಿ. ಮೊಟ್ಟೆ ಒಣಗುವ ಭಾಗದ ತೊಗಟೆಯೊಳಗೇ ಇರುತ್ತದೆ.

ಪ್ರಶ್ನೆ: ಬಾಗಿಲ ಚೌಕಟ್ಟಿನಿಂದ ಪುಡಿ ಉದುರುತ್ತಿದೆ. ಒರಲೆಯೇ? – ಹುಬ್ಬಳ್ಳಿ

ಉತ್ತರ: ಮಣ್ಣಿನ ಗೆರೆ ಇಲ್ಲದಿದ್ದರೆ ನೆಲದಿಂದ ಏರುವ ಒರಲೆ ಇರಲಾರದು. ಗುಂಡುಸೂಜಿ ತಲೆಯಷ್ಟು ದುಂಡು ತೂತು, ಮೈದಾದಂಥ ಪುಡಿ ಇದ್ದರೆ ಹಿಟ್ಟುದುಂಬಿ. ಅದಕ್ಕಿಂತ ಬಹಳ ದೊಡ್ಡ, ಮೊಟ್ಟೆಯಾಕಾರದ ತೂತಾದರೆ ಒಣಮರ ತಿನ್ನುವ ಮೀಸೆ ದುಂಬಿ ಸ್ಟ್ರೊಮೇಷಿಯಂ ಬಾರ್ಬೇಟಮ್ ಇರಬಹುದು.

ಪ್ರಶ್ನೆ: ಗುರುತಿಸಲು ಹುಳ ಕಳಿಸಬೇಕೋ, ಫೋಟೊ ಸಾಕೋ? – ಮುಂಡರಗಿ, ರಾಣೆಬೆನ್ನೂರು ಓದುಗರು

ಉತ್ತರ: ನಾಲ್ಕು ಫೋಟೊ ಇದ್ದರೆ ಬಹುಪಾಲು ಸಾಕು: ನೇರ ಮೇಲಿನಿಂದ, ಪಕ್ಕದಿಂದ, ಮುಖದ ಎದುರು, ಹೊಟ್ಟೆಯ ಕಡೆ. ಪಕ್ಕದಲ್ಲಿ ಸ್ಕೇಲ್ ಇಡಿ, ಫ್ಲ್ಯಾಶ್ ಬೇಡ. ಹೊಳಪಿನಲ್ಲಿ ಗುಬುಟು ಮಾಯವಾಗುತ್ತದೆ. ಹುಳವನ್ನೇ ಇಡುವುದಾದರೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಒಂದೆರಡು ದಿನ ಇಟ್ಟು, ಬಲ ರೆಕ್ಕೆಯ ಮೂಲಕ ಪಿನ್ ಚುಚ್ಚಿ. ನಡುವೆ ಚುಚ್ಚಿದರೆ ಆ ಬಿಳಿ ತ್ರಿಕೋನ ಹಾಳು. ಚೀಟಿಯಲ್ಲಿ ಊರು, ದಿನಾಂಕ, ಗಿಡದ ಹೆಸರು, ಗಿಡದಲ್ಲಿ ಸಿಕ್ಕಿತೋ ದೀಪಕ್ಕೆ ಬಂತೋ ಎಂಬುದು ಇರಲಿ. ಮುಂಡರಗಿಯವರಿಗೆ ಒಂದು ಮಾತು: ಕಪ್ಪತಗುಡ್ಡ ವನ್ಯಜೀವಿಧಾಮ. ಅದರೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹುಳ ಹಿಡಿಯಬೇಡಿ, ಫೋಟೊ ತೆಗೆದು ಬಿಟ್ಟುಬಿಡಿ.