ಡೇಟಿಂಗ್ ರಿಯಾಲಿಟಿ ಶೋಗಳಲ್ಲಿ ತೋರಿಸುವಂತೆ, ಗಂಡು ಹೆಣ್ಣು ಇಬ್ಬರ ಮೇಲೂ ಆಕರ್ಷಣೆ ಇರುವವರು ಒಬ್ಬರಲ್ಲಿ ನಿಲ್ಲುವುದಿಲ್ಲವೇ?

ನೀವು ಮದುವೆಯಾಗಬೇಕೆಂದಿರುವ ಹುಡುಗಿ ತನಗೆ ಹೆಂಗಸರ ಮೇಲೂ ಮನಸ್ಸಾಗುತ್ತದೆ ಎಂದು ಹೇಳಿಕೊಂಡಿದ್ದಾಳೆ. ‘ಲವ್ ಈಸ್ ಬ್ಲೈಂಡ್’ ನೋಡಿರುವ ನಿಮಗೆ ನಿದ್ದೆ ಹಾರಿದೆ. ನಾನೂ ಆಕೆಯಂಥವಳೇ. ಮದುವೆಯಾಗಿ ಆರು ವರ್ಷವಾಯಿತು. ಗಂಡನ ಪಕ್ಕ ಕೂತು ಇಂಥ ಶೋಗಳನ್ನೆಲ್ಲ ಬಿಡದೆ ನೋಡುವ ಚಟವೂ ಇದೆ.

ನಿಮ್ಮನ್ನು ಕಾಡುತ್ತಿರುವುದು 2020ರ ಮೊದಲ ಸೀಸನ್ನಿನ ಕಾರ್ಲ್ಟನ್ ಮತ್ತು ಡೈಮಂಡ್ ಜಗಳವೇ ಇರಬೇಕು. ಗೋಡೆಯ ಆಚೆ ಈಚೆ ಕೂತು, ಮುಖ ನೋಡದೆ ಮಾತಾಡಿ, ನಿಶ್ಚಿತಾರ್ಥ ಮಾಡಿಕೊಂಡವರು ಅವರು. ತನಗೆ ಗಂಡಸರ ಮೇಲೂ ಆಕರ್ಷಣೆ ಇದೆ ಎಂದು ಕಾರ್ಲ್ಟನ್ ಬಾಯಿಬಿಟ್ಟದ್ದು ಆಮೇಲೆ, ಮೆಕ್ಸಿಕೊಗೆ ಹೋದಾಗ. ಈಜುಕೊಳದ ಬದಿಯಲ್ಲಿ ಮಾತಿಗೆ ಮಾತು ಬೆಳೆದು ಎಲ್ಲವೂ ಮುರಿದುಬಿತ್ತು. ಅವನು ತಡಮಾಡಿದ್ದು ತಪ್ಪು, ಸಿಟ್ಟಿನಲ್ಲಿ ಆಡಿದ ಮಾತು ಇನ್ನೂ ದೊಡ್ಡ ತಪ್ಪು. ಆದರೆ ಕಥೆ ಹೆಣೆದ ರೀತಿಯನ್ನು ನೋಡಿ. ಗುಟ್ಟು ಮೊದಲು ನಮಗೆ ತಿಳಿಯುತ್ತದೆ. ಅದು ಯಾವಾಗ ಸಿಡಿಯುತ್ತದೋ ಎಂದು ನಾವು ಕಾಯುತ್ತಾ ಕೂರಬೇಕು. ತೀರಿಸದ ಸಾಲ, ಮುಚ್ಚಿಟ್ಟ ಮೊದಲ ಮದುವೆ ಇಂಥವುಗಳ ಸಾಲಿಗೆ ಒಬ್ಬನ ಸಹಜ ಆಕರ್ಷಣೆಯೂ ಸೇರಿಹೋಯಿತು.

ಇದು ಹಳೆಯ ವರಸೆ. 2007ರಲ್ಲಿ ಎಂಟಿವಿ ಟೀಲಾ ಟಕೀಲಾ ಎಂಬ ರೂಪದರ್ಶಿಯನ್ನು ಮುಂದಿಟ್ಟುಕೊಂಡು, ಆಕೆಯ ಮನ ಗೆಲ್ಲಲೆಂದು ಹದಿನಾರು ಗಂಡಸರನ್ನೂ ಹದಿನಾರು ಹೆಂಗಸರನ್ನೂ ಒಂದೇ ಮನೆಗೆ ತುಂಬಿತು. ಆಕೆಗೆ ಎರಡೂ ಕಡೆ ಒಲವಿದೆ ಎಂಬುದು ಆ ಮೂವತ್ತೆರಡು ಜನರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇಡೀ ಆಟ ಗಂಡಸರ ತಂಡ, ಹೆಂಗಸರ ತಂಡ ಎಂದು ಹಗ್ಗಜಗ್ಗಾಟವಾಯಿತು. ಕೊನೆಯ ಕಂತಿನಲ್ಲಿ ಆಕೆ ಆರಿಸಿಕೊಳ್ಳಬೇಕಾಗಿದ್ದದ್ದು ಒಬ್ಬ ಗಂಡಸು, ಒಬ್ಬ ಹೆಂಗಸು ಇವರಲ್ಲಿ ಒಬ್ಬರನ್ನು. ನೋಡುಗರ ಕಣ್ಣಿಗೆ ಆಕೆ ಒಬ್ಬ ಮನುಷ್ಯನನ್ನು ಆರಿಸಿದಂತೆ ಕಾಣಲಿಲ್ಲ, ಒಂದು ಪಕ್ಷ ಸೇರಿದಂತೆ ಕಂಡಿತು. ‘ಕೊನೆಗೆ ಒಂದು ಕಡೆ ವಾಲಲೇಬೇಕು’ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ?

ಬ್ರಿಟನ್ನಿನ ‘ಲವ್ ಐಲ್ಯಾಂಡ್’ನದು ಬೇರೆ ರಗಳೆ. 2016ರಲ್ಲೇ ಅಲ್ಲಿ ಇಬ್ಬರು ಹೆಂಗಸರು ಜೋಡಿಯಾಗಿದ್ದರು. ಆದರೂ 2021ರಲ್ಲಿ ಸಲಿಂಗಿ ಸ್ಪರ್ಧಿಗಳ ಪ್ರಶ್ನೆ ಬಂದಾಗ, ಕಾರ್ಯಕ್ರಮದ ಸ್ವರೂಪಕ್ಕೆ ಅದು ವ್ಯವಸ್ಥೆಯ ತೊಡಕು ಎಂಬ ಅರ್ಥದ ಮಾತು ವಾಹಿನಿಯ ಕಡೆಯಿಂದ ಬಂತು. ಇಷ್ಟು ಹುಡುಗರು, ಇಷ್ಟೇ ಹುಡುಗಿಯರು, ಯಾರೂ ಒಂಟಿ ಉಳಿಯಬಾರದು ಎಂಬ ಲೆಕ್ಕ ತಾನೇ ಅದು!

ಆ ಲೆಕ್ಕವನ್ನು ಮುರಿದದ್ದು 2019ರ ‘ಆರ್ ಯೂ ದಿ ಒನ್?’ ಎಂಟನೆಯ ಸೀಸನ್. ಕಾರ್ಯಕ್ರಮದವರು ಮೊದಲೇ ಗುಟ್ಟಾಗಿ ಗೊತ್ತುಮಾಡಿಟ್ಟ ಜೋಡಿಗಳನ್ನು ಸ್ಪರ್ಧಿಗಳೇ ಕಂಡುಹಿಡಿಯಬೇಕಾದ ಆಟ ಅದು. ಹದಿನಾರು ಜನ, ಯಾರು ಯಾರಿಗಾದರೂ ಜೋಡಿಯಾಗಬಹುದು. ನನ್ನ ಗಂಡ ಗಣಿತದ ಮೇಷ್ಟ್ರು. ನೋಡುತ್ತಿದ್ದಂತೆಯೇ ಹಾಲಿನ ಬಿಲ್ಲಿನ ಹಿಂದೆ ಲೆಕ್ಕ ಹಾಕತೊಡಗಿದರು. ಎಂಟು ಗಂಡು ಎಂಟು ಹೆಣ್ಣು ಎಂದಾದರೆ 40,320 ಬಗೆಯಲ್ಲಿ ಜೋಡಿ ಮಾಡಬಹುದಂತೆ. ಇಲ್ಲಿ 20,27,025. ಅಷ್ಟಿದ್ದರೂ ಜಗಳಗಳೆಲ್ಲ ಮಾಮೂಲಿ: ಹೊಟ್ಟೆಕಿಚ್ಚು, ಸುಳ್ಳು, ತಮ್ಮ ಜೋಡಿಯಲ್ಲ ಎಂದು ಖಚಿತವಾದ ಮೇಲೂ ಅವರ ಹಿಂದೆಯೇ ಸುತ್ತುವ ಹುಚ್ಚು. ಎಲ್ಲರಿಗೂ ಎರಡೂ ಕಡೆ ಒಲವು ಇದ್ದುದರಿಂದ ಸಿಡಿಸುವುದಕ್ಕೆ ಗುಟ್ಟೇ ಇರಲಿಲ್ಲ. ನೀವು ಒಂದೇ ಶೋ ನೋಡುವುದಾದರೆ ಇದನ್ನು ನೋಡಿ.

ನಮ್ಮ ಭಾಷೆಯೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಪತ್ರಿಕೆಗಳು ಬರೆಯುವ ‘ದ್ವಿಲಿಂಗಿ’ ಎಂಬ ಪದವನ್ನು ನಾನು ಮೊದಲು ಓದಿದ್ದು ಜೀವಶಾಸ್ತ್ರದ ಪಾಠದಲ್ಲಿ. ಕೇಸರವೂ ಶಲಾಕೆಯೂ ಒಂದೇ ಹೂವಿನಲ್ಲಿರುವ ದಾಸವಾಳ ದ್ವಿಲಿಂಗಿ. ನಾನು ದಾಸವಾಳವಲ್ಲ. ‘ದ್ವಿಲಿಂಗಾಕರ್ಷಣೆ’ ಎಂದರೆ ಬಾಯಿ ತುಂಬಿದರೂ ಅರ್ಥ ಕೆಡುವುದಿಲ್ಲ.

ಇನ್ನು, ಒಬ್ಬರಲ್ಲಿ ನಿಲ್ಲುತ್ತಾರೆಯೇ ಎಂಬ ನಿಮ್ಮ ಭಯ. ನಿಶ್ಚಿತಾರ್ಥಕ್ಕೆ ಮೊದಲು ಒಂದು ದರ್ಶಿನಿಯಲ್ಲಿ ಬೈ-ಟು ಕಾಫಿ ತೆಗೆದುಕೊಂಡು ನಾನು ವಿಷಯ ಹೇಳಿದೆ. ಅವರ ಲೋಟದ ಮೇಲೆ ಕೆನೆ ಕಟ್ಟುವವರೆಗೂ ಮಾತಿಲ್ಲ. ಆಮೇಲೆ, “ಹಾಗಾದರೆ ನನ್ನ ಪಾಲಿಗೆ ಬರುವುದು ಅರ್ಧವೇ?” ಎಂದರು. ನಗು ಬಂತು, ಸಿಟ್ಟೂ ಬಂತು. ಯಾರ ಮೇಲೆ ಮನಸ್ಸಾಗಬಹುದು ಎಂಬುದು ಒಂದು ಮಾತು, ಯಾರಿಗೆ ಮಾತು ಕೊಟ್ಟಿದ್ದೇನೆ ಎಂಬುದು ಇನ್ನೊಂದು. ಮದುವೆಯಾದ ಮೇಲೆ ನಾನು ‘ಸರಿಹೋದೆ’ ಎಂದುಕೊಂಡಿರುವ ಗೆಳತಿಯೊಬ್ಬಳಿದ್ದಾಳೆ. ಅವಳಿಗೂ ಇದನ್ನೇ ಹೇಳಿ ಸಾಕಾಗಿದೆ. ಒಲವು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಆ ದಿನ ಅವರು ಇನ್ನೂ ಹತ್ತಾರು ಪ್ರಶ್ನೆ ಕೇಳಿದರು. ಮುಕ್ಕಾಲು ಪಾಲು ಪೆದ್ದು ಪ್ರಶ್ನೆಗಳೇ. ನೀವೂ ಆಕೆಯನ್ನೇ ಕೇಳಿ, ಪೆದ್ದಾಗಿದ್ದರೂ ಪರವಾಗಿಲ್ಲ. ಮಾಣಿ ಎರಡು ಸಲ ಮೇಜು ಒರೆಸಿಹೋದ ಮೇಲೆ ನಾವು ಇನ್ನೊಂದು ಸುತ್ತು ಕಾಫಿ ಹೇಳಿದೆವು, ಈ ಸಲ ಎರಡು ಪೂರ್ತಿ ಲೋಟ.